ಜಿಡ್ಡಿನ ಜಮಾಖರ್ಚು

ಉಪಾಹಾರಗೃಹದ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಷ್ಟು ಲೆಕ್ಕದಲ್ಲಿ ಬಿಗಿಯಾದ ಮನುಷ್ಯ ಬೇರೊಬ್ಬನಿರಲಾರ. ಬೆಳಿಗ್ಗೆ ಎಷ್ಟು ಲೀಟರ್ ಹಾಲು ಬಂದಿತು, ಎಷ್ಟು ಕಿಲೋ ಬೇಳೆ ಬೆಂದಿತು, ದೋಸೆಯ ಕಲ್ಲಿಗೆ ಎಷ್ಟು ಎಣ್ಣೆ ಸವರಲಾಯಿತು, ಎಷ್ಟು ತಟ್ಟೆಗಳು ಕಾಣೆಯಾದವು, ಎಲ್ಲಕ್ಕೂ ಪುಸ್ತಕವುಂಟು, ಪುಟವುಂಟು, ಅಂಕಿಯುಂಟು. ಒಳಗೆ ಬಂದ ಪದಾರ್ಥ ಗಿರಾಕಿಯ ಹೊಟ್ಟೆ ಸೇರಿತೆಂದರೆ ಅದು ಜಮೆಯಾಯಿತು. ಆದರೆ ಹೊಟ್ಟೆ ಸೇರದೆ ತಟ್ಟೆಗೆ ಅಂಟಿದ್ದು, ಬಾಣಲೆಯ ತಳದಲ್ಲಿ ಉಳಿದದ್ದು, ಸೌಟಿನ ಕುತ್ತಿಗೆಗೆ ಹತ್ತಿದ್ದು, ಕೊನೆಗೆ ಬಿಸಿನೀರಿನೊಡನೆ ಬಚ್ಚಲ ಕಿಂಡಿಯಲ್ಲಿ ಇಳಿದುಹೋದದ್ದು, ಇದರ ಲೆಕ್ಕವನ್ನು ಬರೆದಿಟ್ಟವರು ಅಪರೂಪ. ಕಣ್ಣಿಗೆ ಮರೆಯಾದದ್ದು ಕಡತಕ್ಕೂ ಮರೆಯಾಗುವುದು ಲೋಕರೂಢಿ.

ಆ ಬರೆಯದ ಪುಟವೇ ಈ ಲೇಖನದ ವಿಷಯ. ವಿಷಯ ರಮಣೀಯವಲ್ಲವೆಂದು ವಾಚಕರು ಮೂಗು ಮುಚ್ಚಿಕೊಳ್ಳಬಹುದು. ಭಾನುವಾರದ ಬೆಳಗಿನ ಕಾಫಿಯ ಹೊತ್ತಿಗೆ ಒದಗಿಸತಕ್ಕ ಸಾಮಗ್ರಿ ಇದಲ್ಲವೆಂದೂ ಹೇಳಬಹುದು. ಆದರೆ ಆ ಕಾಫಿಯ ಜೊತೆಗೆ ವಡೆಯೊಂದು ಬಂದಿದ್ದರೆ, ಆ ವಡೆ ಕರಿದ ಎಣ್ಣೆ ಮುಂದೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ತಿಂದವರಿಗೂ ಉಂಟಷ್ಟೆ.

ಹಿಂದೆ ಈ ಪ್ರಶ್ನೆ ಹುಟ್ಟುವುದಕ್ಕೆ ಕಾರಣವಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ಉಳಿದ ಗಂಜಿ ಇವೆಲ್ಲ ಕಲಗಚ್ಚಾಗಿ ಹಸುವಿನ ಬಾನಿಗೆ ಬೀಳುತ್ತಿದ್ದವು. ಮುಸುರೆ ಪಾತ್ರೆಯನ್ನು ಒಲೆಯ ಬೂದಿಯಿಂದ, ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು. ಬೂದಿಯಲ್ಲಿರುವ ಕ್ಷಾರ ಜಿಡ್ಡಿನೊಡನೆ ಕೂಡಿ ಅಂಗೈಯಲ್ಲಿಯೇ ಒಂದು ಬಗೆಯ ಸಾಬೂನಾಗಿ ನೀರಿನಲ್ಲಿ ಕರಗಿಹೋಗುತ್ತಿತ್ತು; ಆ ನೀರು ಹಿತ್ತಲ ಬಾಳೆಯ ಬುಡ ಸೇರುತ್ತಿತ್ತು. ರಸಾಯನಶಾಸ್ತ್ರದ ಹೆಸರು ಕೇಳದ ನಮ್ಮ ಅಜ್ಜಿಯರು ದಿನಕ್ಕೆರಡು ಬಾರಿ ಆ ಪ್ರಯೋಗವನ್ನು ನಡೆಸುತ್ತಿದ್ದರು. ಮನೆಯೊಂದರ ಜಿಡ್ಡನ್ನು ಒಂದು ಬಾಳೆಯ ಗಿಡ ತಾಳಬಲ್ಲದು; ದಿನಕ್ಕೆ ಸಾವಿರ ಎಲೆ ಹಾಕುವ ಭೋಜನಾಲಯದ ಜಿಡ್ಡನ್ನು ತಾಳುವ ಬಾಳೆ ಎಲ್ಲಿಂದ ಬರಬೇಕು?

ಅಡಿಗೆಮನೆಯ ತೊಳೆಯುವ ತೊಟ್ಟಿಗೂ ಬೀದಿಯ ಒಳಚರಂಡಿಗೂ ನಡುವೆ ಕೂಡಿಸುವ ಒಂದು ಪೆಟ್ಟಿಗೆಯುಂಟು. ಇಂಗ್ಲಿಷಿನಲ್ಲಿ ಅದಕ್ಕೆ ಗ್ರೀಸ್ ಟ್ರ್ಯಾಪ್ ಎಂದು ಹೆಸರು. ನಾವು ಜಿಡ್ಡುತೊಟ್ಟಿ ಎಂದರೆ ಸಾಕು. ಅಮೆರಿಕದಲ್ಲಿ ಇದಕ್ಕೆ ಮೊದಲ ಹಕ್ಕುಪತ್ರವನ್ನು 1884ರಲ್ಲಿ ಕ್ಯಾಲಿಫೋರ್ನಿಯದ ನಥಾನಿಯಲ್ ವೈಟಿಂಗ್ ಎಂಬಾತ ಪಡೆದನು. ಅಂದಿನಿಂದ ಇಂದಿನವರೆಗೆ ಅದರ ತತ್ತ್ವ ಕೂದಲಷ್ಟೂ ಬದಲಾಗಿಲ್ಲ. ಬದಲಾಗುವುದಕ್ಕೆ ಅದರಲ್ಲಿ ಏನೂ ಇಲ್ಲ. ಎಣ್ಣೆ ನೀರಿಗಿಂತ ಹಗುರ, ಅನ್ನದ ಅಗುಳು ನೀರಿಗಿಂತ ಭಾರ. ನೀರನ್ನು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿಸಿದರೆ ಎಣ್ಣೆ ಮೇಲಕ್ಕೇರಿ ಕೆನೆಗಟ್ಟುತ್ತದೆ, ಅಗುಳು ತಳಕ್ಕಿಳಿದು ಗಸಿಯಾಗುತ್ತದೆ. ನಡುವಣ ನೀರನ್ನು ಮಾತ್ರ, ಬಾಯಿ ಕೆಳಗೆ ಮಾಡಿದ ಕೊಳವೆಯೊಂದರಿಂದ ಹೊರಕ್ಕೆ ಬಿಡುವುದು, ಇಷ್ಟೇ ಯಂತ್ರ. ತಿರುಗುವ ಚಕ್ರವಿಲ್ಲ, ಉರಿಯುವ ದೀಪವಿಲ್ಲ. ಸಣ್ಣ ಹೋಟೆಲಿನಲ್ಲಿ ಇದು ತೊಟ್ಟಿಯ ಕೆಳಗಿನ ಉಕ್ಕಿನ ಡಬ್ಬಿ. ದೊಡ್ಡ ಹೋಟೆಲಿನಲ್ಲಿ ಅಂಗಳದ ಅಡಿಯಲ್ಲಿ ಹೂತ, ಸಾವಿರಾರು ಲೀಟರ್ ಹಿಡಿಯುವ ಕಾಂಕ್ರೀಟಿನ ಕೋಣೆ.

ಇಷ್ಟು ಸರಳವಾದ ಯಂತ್ರಕ್ಕೆ ಒಂದೇ ಒಂದು ದೌರ್ಬಲ್ಯ. ಹಿಡಿದ ಜಿಡ್ಡನ್ನು ಅದು ತಾನಾಗಿ ಎತ್ತಿ ಬಿಸಾಡಲಾರದು. ಯಾರಾದರೂ ಮುಚ್ಚಳ ತೆರೆದು ಖಾಲಿ ಮಾಡಬೇಕು. ಮಾಡದಿದ್ದರೆ ಕೆನೆ ಕೆಳಕ್ಕೆ ಬೆಳೆಯುತ್ತದೆ, ಗಸಿ ಮೇಲಕ್ಕೆ ಬೆಳೆಯುತ್ತದೆ, ನಡುವೆ ನೀರಿಗೆ ಉಳಿಯುವ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ನೀರು ನಿಲ್ಲುವುದಿಲ್ಲ, ನುಗ್ಗುತ್ತದೆ. ನುಗ್ಗುವಾಗ ಹಿಂದೆ ಹಿಡಿದಿಟ್ಟ ಜಿಡ್ಡನ್ನೂ ಕೆದಕಿಕೊಂಡು ಹೊರಡುತ್ತದೆ. ತುಂಬಿದ ಜಿಡ್ಡುತೊಟ್ಟಿ ಇಲ್ಲದ ಜಿಡ್ಡುತೊಟ್ಟಿಗಿಂತ ಕಷ್ಟ. ಇಲ್ಲದಿದ್ದರೆ ಇಲ್ಲವೆಂದಾದರೂ ಗೊತ್ತಿರುತ್ತದೆ, ಇದ್ದು ಕೆಟ್ಟದ್ದನ್ನು ಕಂಡವರಾರು? ನೆಲದ ಮೇಲೆ ಅದರ ಮುಚ್ಚಳ ಎಂದಿನಂತೆಯೇ ಇರುತ್ತದೆ.

ಬಚ್ಚಲ ಕಿಂಡಿಯ ಆಚೆಗೆ ಹೋದ ಜಿಡ್ಡು ಏನಾಗುತ್ತದೆ? ನಮ್ಮಲ್ಲಿ ಒಂದು ಸಮಾಧಾನದ ಮಾತು ಪ್ರಚಾರದಲ್ಲಿದೆ. ಇದು ಬೆಚ್ಚಗಿನ ದೇಶ, ಇಲ್ಲಿ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ಹರಿದುಹೋಗುತ್ತದೆ. ಹೆಪ್ಪುಗಟ್ಟುವುದು ಬಿಳಿಯರ ಚಳಿದೇಶದ ಕಷ್ಟ, ಎಂದು. ಕಡಲೆಕಾಯಿ ಎಣ್ಣೆಯ ಮಟ್ಟಿಗೆ ಈ ಮಾತಿನ ಮೊದಲರ್ಧ ನಿಜ. ವನಸ್ಪತಿ, ತುಪ್ಪ ಇವುಗಳ ಮಟ್ಟಿಗೆ ಅದೂ ನಿಜವಲ್ಲ. ಕೊಬ್ಬರಿ ಎಣ್ಣೆಯಂತೂ 24 ಡಿಗ್ರಿಯ ಸುಮಾರಿಗೆ ಗಟ್ಟಿಯಾಗುತ್ತದೆಂಬುದನ್ನು ಮಾಗಿಯ ಬೆಳಿಗ್ಗೆ ಸೀಸೆ ಹಿಡಿದವರೆಲ್ಲ ಬಲ್ಲರು. ಆದರೆ ನಿಜವಾದ ಕೇಡು ತಣ್ಣಗಾಗಿ ಗಟ್ಟಿಯಾಗುವುದರಲ್ಲಿಲ್ಲ. 2011ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು ತೋರಿಸಿದಂತೆ, ಚರಂಡಿಯ ಗೋಡೆಗೆ ಕಲ್ಲಿನಂತೆ ಹತ್ತಿಕೊಳ್ಳುವ ವಸ್ತು ಬಹುಮಟ್ಟಿಗೆ ಎಣ್ಣೆಯೇ ಅಲ್ಲ, ಸಾಬೂನು. ಒಡೆದ ಎಣ್ಣೆಯಿಂದ ಹುಟ್ಟಿದ ಕೊಬ್ಬಿನಾಮ್ಲಗಳು ನೀರಿನಲ್ಲಿಯೂ ಕಾಂಕ್ರೀಟಿನಲ್ಲಿಯೂ ಇರುವ ಸುಣ್ಣದ ಅಂಶದೊಡನೆ, ಎಂದರೆ ಕ್ಯಾಲ್ಸಿಯಮ್ಮಿನೊಡನೆ, ಕೂಡಿ ಕರಗದ ಸಾಬೂನಾಗುತ್ತವೆ.

ಅಜ್ಜಿಯ ಅಂಗೈಯಲ್ಲಿ ಆದದ್ದೂ ಸಾಬೂನೇ, ಚರಂಡಿಯಲ್ಲಿ ಆಗುವುದೂ ಸಾಬೂನೇ. ಆದರೆ ಬೂದಿಯ ಕ್ಷಾರದಿಂದ ಆದದ್ದು ಕರಗುತ್ತದೆ, ಸುಣ್ಣದಿಂದ ಆದದ್ದು ಕರಗದು. ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಉಜ್ಜಿದರೆ ನೊರೆ ಬಾರದೆ ಬಕೆಟ್ಟಿನ ಅಂಚಿಗೆ ಬಿಳಿಯ ಕಿಟ್ಟ ಕೂಡುವುದಷ್ಟೆ? ಅದೇ ಕಿಟ್ಟ, ನೂರು ಹೋಟೆಲುಗಳ ಎಣ್ಣೆಯಿಂದ, ಹತ್ತು ವರ್ಷಗಳ ಕಾಲ, ಒಂದೇ ಕೊಳವೆಯೊಳಗೆ ಕೂಡಿತೆಂದು ಭಾವಿಸಿರಿ. ಅದಕ್ಕೆ ಚಳಿದೇಶವೂ ಒಂದೇ, ಬೆಚ್ಚಗಿನ ದೇಶವೂ ಒಂದೇ. ನೀರು ಗಡಸಾಗಿದ್ದರೆ ಕೇಡು ಇನ್ನೂ ಹೆಚ್ಚು.

ಇದರ ಪರಾಕಾಷ್ಠೆಯನ್ನು ಲಂಡನ್ ನಗರ ಕಂಡಿತು. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತಕ್ಕೆ ಪಾರ್ಲಿಮೆಂಟಿನ ಸದಸ್ಯರೇ ಕಂಗೆಟ್ಟ ಮೇಲೆ ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ಆ ಊರಿಗೆ ಇಟ್ಟಿಗೆಯ ಮಹಾಚರಂಡಿಗಳನ್ನು ಕಟ್ಟಿಕೊಟ್ಟನು. ಬರಲಿರುವ ತಲೆಮಾರುಗಳನ್ನು ನೆನೆದು ಕಟ್ಟಿದ ಮನುಷ್ಯ. ಆದರೆ ಬೀದಿಗೆ ಹತ್ತು ಕರಿದ ತಿಂಡಿಯ ಅಂಗಡಿಗಳು ಬರುವುದನ್ನೂ, ಒದ್ದೆ ಬಟ್ಟೆಯಂಥ ಕಾಗದಗಳನ್ನು ಜನ ಶೌಚದ ಕುಳಿಯಲ್ಲಿ ಎಸೆಯುವುದನ್ನೂ ಅವನು ಹೇಗೆ ಊಹಿಸಬೇಕು? 2017ರ ಸೆಪ್ಟೆಂಬರಿನಲ್ಲಿ ಪೂರ್ವ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ನೆಲದಡಿಯಲ್ಲಿ 250 ಮೀಟರ್ ಉದ್ದದ, ಸುಮಾರು 130 ಟನ್ ತೂಕದ ಜಿಡ್ಡಿನ ಗಡ್ಡೆಯೊಂದು ಪತ್ತೆಯಾಯಿತು. ಹಿಮಗಡ್ಡೆಯ ಹೆಸರನ್ನು ಅನುಕರಿಸಿ ಅಲ್ಲಿನವರು ಅದನ್ನು ಫ್ಯಾಟ್‌ಬರ್ಗ್ ಎಂದರು. ಕೆಲಸಗಾರರು ಚರಂಡಿಯೊಳಗೆ ಇಳಿದು, ರಭಸದ ನೀರಿನ ಕೊಳವೆಗಳಿಂದಲೂ ಸಲಿಕೆಗಳಿಂದಲೂ ವಾರಗಟ್ಟಲೆ ಅದನ್ನು ಕಡಿದು ತೆಗೆಯಬೇಕಾಯಿತು.

ಮುಂದಿನ ವರ್ಷದ ಫೆಬ್ರವರಿಯಲ್ಲಿ ಆ ಗಡ್ಡೆಯ ಒಂದು ತುಂಡನ್ನು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸಿದರು. ರಾಜರ ಕಿರೀಟಗಳನ್ನು ಪ್ರದರ್ಶಿಸುವುದನ್ನು ಕೇಳಿದ್ದೇವೆ. ಊರಿನ ಮುಸುರೆಯನ್ನು ಪ್ರದರ್ಶನಕ್ಕಿಟ್ಟದ್ದು ಹೊಸದು. ಪೆಟ್ಟಿಗೆಯೊಳಗೆ ಅದು ಬಣ್ಣ ಬದಲಿಸಿತು, ಬೂಷ್ಟು ಬೆಳೆಯಿಸಿಕೊಂಡಿತು, ಸಣ್ಣ ನೊಣಗಳನ್ನೂ ಹುಟ್ಟಿಸಿತು. ಜನ ಬಂದು ನೋಡಿ ಹೋದರು. ಅವರಲ್ಲಿ ಎಷ್ಟು ಮಂದಿ ಹೋಟೆಲ್ ಮಾಲಿಕರಿದ್ದರೋ, ಅದನ್ನು ಯಾರೂ ಎಣಿಸಿದಂತಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆ ಕಾನೂನಿಲ್ಲವೆಂದಲ್ಲ. ಸಾರ್ವಜನಿಕ ಚರಂಡಿಯ ಹರಿವಿಗೆ ಅಡ್ಡಿಯಾಗುವ ವಸ್ತುವನ್ನು ಬಿಡುವುದು 1991ರ ಜಲೋದ್ಯಮ ಶಾಸನದ 111ನೆಯ ವಿಧಿಯಂತೆ ಅಪರಾಧ. ಆದರೆ ನೆಲದಡಿಯ ಕೊಳವೆಯಲ್ಲಿ ಎಲ್ಲರ ಎಣ್ಣೆಯೂ ಬೆರೆತು ಒಂದಾದ ಮೇಲೆ, ಈ ಗಡ್ಡೆಯಲ್ಲಿ ಯಾವ ಅಂಗಡಿಯ ಪಾಲು ಎಷ್ಟು ಎಂದು ಯಾವ ನ್ಯಾಯಾಧೀಶರ ಮುಂದೆ ಯಾರು ತೋರಿಸಬೇಕು? ಕಳ್ಳತನದಲ್ಲಿ ಮಾಲು ಸಿಕ್ಕಿದರೆ ಸಾಕು. ಇಲ್ಲಿ ಮಾಲು ರಾಶಿರಾಶಿಯಾಗಿ ಸಿಕ್ಕಿದೆ, ಕಳ್ಳನ ಗುರುತಿಲ್ಲ. ಆದ್ದರಿಂದ ಜಿಡ್ಡನ್ನು ಚರಂಡಿಯಲ್ಲಿ ಹಿಡಿಯುವ ಯತ್ನ ವ್ಯರ್ಥ. ಹಿಡಿಯಬೇಕಾದ ಸ್ಥಳ ಅಡಿಗೆಮನೆಯ ಬಾಗಿಲು. ಅಲ್ಲಿಂದಲೇ ಪುಸ್ತಕ, ಚೀಟಿ, ತಪಾಸಣೆಗಳ ಕಥೆ ಆರಂಭವಾಗುತ್ತದೆ.

ಈ ಲೆಕ್ಕಪತ್ರವನ್ನು ಹೆಚ್ಚು ಬೆಳೆಯಿಸಿದವರು ಅಮೆರಿಕದವರು. ಅವರಿಗೆ ಕಾರಣವೂ ಇತ್ತು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2004ರಲ್ಲಿ ತಮ್ಮ ಕಾಂಗ್ರೆಸ್ಸಿಗೆ ಒಪ್ಪಿಸಿದ ವರದಿಯಲ್ಲಿ, ವರದಿಯಾದ ಚರಂಡಿಯ ಕಟ್ಟುಗಳಲ್ಲಿ ನೂರಕ್ಕೆ 47ರಷ್ಟಕ್ಕೆ ಜಿಡ್ಡೇ ಕಾರಣವೆಂದು ಹೇಳಿತು. ಕೊಬ್ಬು, ಎಣ್ಣೆ, ಜಿಡ್ಡು ಎಂಬ ಮೂರು ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಅವರು ಇದನ್ನು ‘ಫಾಗ್’ ಎಂದು ಕರೆಯುತ್ತಾರೆ. ಆ ಭಾಷೆಯಲ್ಲಿ ಅದಕ್ಕೆ ಮಂಜೆಂಬ ಅರ್ಥವೂ ಉಂಟು. ಒಂದೊಂದು ನಗರಸಭೆಗೂ ತನ್ನದೇ ಫಾಗ್ ವಿಭಾಗ, ತನ್ನದೇ ತಪಾಸಣಾಧಿಕಾರಿಗಳು.

ಅವರು ಬಳಸುವ ಮುಖ್ಯ ಅಳತೆ ಕಾಲುಭಾಗದ ನಿಯಮ. ತೊಟ್ಟಿಯ ನೀರಿನ ಆಳ ಒಂದು ಮೀಟರ್ ಎಂದಿಟ್ಟುಕೊಳ್ಳೋಣ. ಮೇಲಿನ ಕೆನೆ 15 ಸೆಂಟಿಮೀಟರ್, ತಳದ ಗಸಿ 10 ಸೆಂಟಿಮೀಟರ್ ಆದರೆ ಎರಡೂ ಕೂಡಿ 25; ಎಂದರೆ ನೂರಕ್ಕೆ 25. ಅಲ್ಲಿಗೆ ತೊಟ್ಟಿಯ ಆಯುಷ್ಯ ತೀರಿತು, ಖಾಲಿ ಮಾಡಲೇಬೇಕು. ಅಧಿಕಾರಿ ತನ್ನೊಡನೆ ಒಂದು ಉದ್ದನೆಯ ಪಾರದರ್ಶಕ ಕೊಳವೆಯನ್ನು ತರುತ್ತಾನೆ. ಅದನ್ನು ನೆಟ್ಟಗೆ ತೊಟ್ಟಿಗಿಳಿಸಿ ಮೇಲಕ್ಕೆತ್ತಿದರೆ ಕೆನೆ, ನೀರು, ಗಸಿ ಮೂರೂ ಪದರಪದರವಾಗಿ ಅದರೊಳಗೆ ನಿಂತಿರುತ್ತವೆ. ಮಾಲಿಕನ ಮಾತು, ಗುಮಾಸ್ತನ ಮಾತು, ಗುತ್ತಿಗೆದಾರನ ಮಾತು ಇವೆಲ್ಲಕ್ಕಿಂತ ಆ ಕೊಳವೆಯ ಮಾತು ಚಿಕ್ಕದು, ಸ್ಪಷ್ಟವಾದದ್ದು.

ಪ್ರತಿಯೊಂದು ತೊಟ್ಟಿಯನ್ನೂ ದಿನವೂ ಅಳೆಯುವಷ್ಟು ಅಧಿಕಾರಿಗಳು ಯಾವ ನಗರಸಭೆಗೂ ಇಲ್ಲವಾದ್ದರಿಂದ, ಅಳತೆಯ ಸ್ಥಾನಕ್ಕೆ ಪಂಚಾಂಗ ಬಂದಿತು. ಹಲವು ನಗರಗಳಲ್ಲಿ 90 ದಿನಗಳಿಗೊಮ್ಮೆ ಶುಚಿ ಮಾಡಿಸಬೇಕೆಂಬುದು ಕಟ್ಟಳೆ. ಯೂರೋಪಿನ ಪ್ರಮಾಣಸಂಹಿತೆ ಇನ್ನೂ ಬಿಗಿ. ತಿಂಗಳಿಗೊಮ್ಮೆಯಾದರೂ, ಸಾಧ್ಯವಾದರೆ ಹದಿನೈದು ದಿನಕ್ಕೊಮ್ಮೆ ಎನ್ನುತ್ತದೆ. ಜರ್ಮನರು ಎಂದಿನಂತೆ ಒಂದು ಹೆಜ್ಜೆ ಮುಂದೆ. ತೊಟ್ಟಿಗೊಂದು ದಿನಚರಿ ಪುಸ್ತಕವಿರಬೇಕು, ವರ್ಷಕ್ಕೊಮ್ಮೆ ಬಲ್ಲವರಿಂದ ಸವರಣೆಯಾಗಬೇಕು, ಐದು ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಸೋರಿಕೆಯಿದೆಯೇ ಎಂದು ಪರೀಕ್ಷೆಯಾಗಬೇಕು.

ಪಂಚಾಂಗದಲ್ಲಿ ಒಂದು ಅನುಕೂಲ, ಒಂದು ಅನ್ಯಾಯ. ಅನುಕೂಲವೆಂದರೆ ಯಾರು ಬೇಕಾದರೂ ದಿನ ಎಣಿಸಬಹುದು. ಅನ್ಯಾಯವೆಂದರೆ ಇಡ್ಲಿ ಬೇಯಿಸುವವನಿಗೂ ಕಬಾಬು ಕರಿಯುವವನಿಗೂ ಒಂದೇ ದಿನ ಗೊತ್ತಾಗುವುದು. ನಮ್ಮ ಕಲ್ಯಾಣ ಮಂಟಪಗಳನ್ನೇ ನೋಡಿ. ಆಷಾಢವಿಡೀ ಅಡಿಗೆಮನೆಗೆ ಬೀಗ, ವೈಶಾಖದ ಮುಹೂರ್ತಗಳಲ್ಲಿ ದಿನಕ್ಕೆ ಮೂರು ಪಂಕ್ತಿ, ಬಾಣಲೆಗಟ್ಟಲೆ ಜಿಲೇಬಿ, ಬೋಂಡ. ಮೂರು ತಿಂಗಳಿಗೊಮ್ಮೆ ಎಂಬ ನಿಯಮ ಆಷಾಢದಲ್ಲಿ ದಂಡ, ವೈಶಾಖದಲ್ಲಿ ನಗೆಪಾಟಲು. ಜಾಣರಾದ ತಪಾಸಕರು ಮಾಡುವುದು ಹೀಗೆ. ಮೊದಲ ಕೆಲವು ಸಾರಿ ಕೊಳವೆಯಿಂದ ಅಳೆದು, ಈ ಅಡಿಗೆಮನೆಯ ತೊಟ್ಟಿ ಎಷ್ಟು ದಿನಕ್ಕೆ ಕಾಲುಭಾಗ ತುಂಬುತ್ತದೆಂದು ಗೊತ್ತುಮಾಡುತ್ತಾರೆ. ಅದು 40 ದಿನವಾದರೆ ಆ ಹೋಟೆಲಿನ ಗಡುವು 40 ದಿನ, 90 ಅಲ್ಲ.

ಗಡುವಿನ ದಿನ ಟ್ಯಾಂಕರು ಬಂದು ಜಿಡ್ಡನ್ನು ಹೀರಿಕೊಂಡು ಹೋಯಿತೆನ್ನೋಣ. ಹೋದದ್ದು ಎಲ್ಲಿಗೆ? ಇದಕ್ಕೆ ಉತ್ತರವಾಗಿ ಹುಟ್ಟಿದ್ದೇ ರವಾನೆಯ ಚೀಟಿ. ಟೆಕ್ಸಾಸಿನಲ್ಲಿ ಅದನ್ನು ಟ್ರಿಪ್ ಟಿಕೆಟ್ ಎನ್ನುತ್ತಾರೆ. ಒಂದೇ ಚೀಟಿಗೆ ಹಲವು ಪ್ರತಿ. ಎಷ್ಟು ಎತ್ತಿದೆವೆಂದು ಹೋಟೆಲಿನವನ ರುಜು, ಎಷ್ಟು ಒಯ್ದೆನೆಂದು ಟ್ಯಾಂಕರಿನವನ ರುಜು, ಎಷ್ಟು ಬಂದು ಸೇರಿತೆಂದು ವಿಲೇವಾರಿ ಕೇಂದ್ರದವನ ರುಜು. ಮೂರೂ ರುಜುವಾದ ಪ್ರತಿ ಮರಳಿ ಹೋಟೆಲಿನ ಕಡತ ಸೇರಿದಾಗ ವ್ಯವಹಾರ ಮುಗಿಯಿತು. ಮನಿಯಾರ್ಡರಿನ ಸ್ವೀಕೃತಿಚೀಟಿ ತಲಪಿದ ಮೇಲೆ ನೆಮ್ಮದಿಯಾಗುತ್ತಿತ್ತಷ್ಟೆ, ಹಾಗೆ. ಈಗೀಗ ಈ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸಿ, ಯಾರ ಗಡುವು ಸಮೀಪಿಸಿತು, ಯಾರದು ಮೀರಿತು ಎಂಬುದನ್ನು ಅದರಿಂದಲೇ ಹೇಳಿಸುವ ಏರ್ಪಾಟು ಹಲವು ಊರುಗಳಲ್ಲಿದೆ.

ಆದರೆ ಕಾಗದವು ಬರೆದವನ ಸೇವಕ. ತೊಟ್ಟಿಯ ಮೇಲಿನ ಕೆನೆಯನ್ನಷ್ಟೇ ಬಳಿದು ತಳದ ಗಸಿಯನ್ನು ಹಾಗೆಯೇ ಬಿಟ್ಟು ‘ಶುಚಿಯಾಯಿತು’ ಎಂದು ಬರೆಯಬಹುದು. ಎತ್ತಿದ ಟ್ಯಾಂಕರಿನಿಂದಲೇ ನೀರಿನ ಭಾಗವನ್ನು ಮರಳಿ ಅದೇ ತೊಟ್ಟಿಗೆ ಸುರಿದು ಮುಂದಿನ ಗಿರಾಕಿಗೆ ಜಾಗ ಮಾಡಿಕೊಳ್ಳಬಹುದು. ವಿಲೇವಾರಿ ಕೇಂದ್ರದ ಶುಲ್ಕ ಉಳಿಸಲು ನಡುರಾತ್ರಿ ಊರಹೊರಗಿನ ಮ್ಯಾನ್‌ಹೋಲಿನ ಮುಚ್ಚಳ ಸರಿಸಬಹುದು. ಯಾವ ಎಣ್ಣೆಯನ್ನು ಚರಂಡಿಗೆ ಬೀಳದಂತೆ ತಡೆಯಲು ಇಷ್ಟೆಲ್ಲ ಪಾಡುಪಟ್ಟರೋ, ಅದು ಹಣ ಕೊಟ್ಟು, ರುಜು ಹಾಕಿಸಿಕೊಂಡು, ಅದೇ ಚರಂಡಿಗೆ ಬಿದ್ದಂತಾಯಿತು!

ಇಲ್ಲಿ ಒಳ್ಳೆಯ ತಪಾಸಕ ಮಾಡುವ ಕೆಲಸ ಪತ್ತೇದಾರನದಲ್ಲ, ಶಾನುಭೋಗನದು. ಈ ಹೋಟೆಲಿನ ತೊಟ್ಟಿ 4,000 ಲೀಟರಿನದು ಎಂದು ನಕ್ಷೆಯಲ್ಲಿದೆ. ಚೀಟಿಯಲ್ಲಿ ಎತ್ತಿದ್ದು 1,500 ಲೀಟರ್ ಎಂದಿದೆ. ಹಾಗಾದರೆ ಉಳಿದ 2,500 ಲೀಟರ್ ಒಳಗೇ ಇದೆ. ಟ್ಯಾಂಕರಿನ ಹೊಟ್ಟೆ 8,000 ಲೀಟರ್ ಹಿಡಿಯತಕ್ಕದ್ದು. ಆ ದಿನ ಅದು ಇಂಥ ಐದು ತೊಟ್ಟಿಗಳನ್ನು ಪೂರ್ತಿ ಬರಿದು ಮಾಡಿತೆಂದು ಐದು ಚೀಟಿಗಳಿವೆ, ವಿಲೇವಾರಿ ಕೇಂದ್ರಕ್ಕೆ ಹೋದದ್ದು ಮಾತ್ರ ಒಂದೇ ಬಾರಿ. 20,000 ಲೀಟರ್ 8,000ದಲ್ಲಿ ಅಡಗಿದ ಪವಾಡವನ್ನು ವಿವರಿಸುವಂತೆ ಕೇಳಿದರೆ ಸಾಕು. ಒಬ್ಬನ ಪುಸ್ತಕವನ್ನು ಒಂಟಿಯಾಗಿ ಓದಿದರೆ ಅದು ಸದಾ ಸರಿಯಾಗಿಯೇ ಇರುತ್ತದೆ. ಮೂವರ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಅವು ಒಂದನ್ನೊಂದು ಹಿಡಿದುಕೊಡುತ್ತವೆ. ಕಂಪ್ಯೂಟರಿನಿಂದ ನಿಜವಾಗಿ ಆದ ಉಪಕಾರವೂ ಇದೇ, ಗಡುವು ನೆನಪಿಸುವುದಲ್ಲ.

ಇನ್ನೊಂದು ಉಪಾಯವನ್ನೂ ಹೇಳಿಬಿಡಬೇಕು. ತೊಟ್ಟಿಗೆ ಸುರಿದರೆ ಜಿಡ್ಡನ್ನು ‘ತಿಂದುಹಾಕುವ’ ಔಷಧಗಳೆಂದು ಕೆಲವು ದ್ರವಗಳು ಪೇಟೆಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ಹಲವು ಮಾಡುವುದೇನೆಂದರೆ, ಜಿಡ್ಡನ್ನು ನುಣ್ಣಗೆ ಒಡೆದು ನೀರಿನೊಡನೆ ಬೆರೆಸಿ ಮುಂದಕ್ಕೆ ಕಳುಹಿಸುವುದು. ಮಾಲಿಕನ ತೊಟ್ಟಿ ಶುಚಿಯಾಗುತ್ತದೆ. ನೂರು ಗಜದಾಚೆ ಆ ಜಿಡ್ಡು ಮತ್ತೆ ಒಂದುಗೂಡುತ್ತದೆ. ಕುದಿಯುವ ನೀರು, ಅತಿಯಾದ ಮಾರ್ಜಕ ಇವುಗಳ ಕೆಲಸವೂ ಇದೇ. ಅಮೆರಿಕದ ಹಲವು ನಗರಗಳು ಇಂಥ ದ್ರವಗಳನ್ನು ನಿಷೇಧಿಸಿರುವುದು ಸಕಾರಣವಾಗಿದೆ.

ಜಿಡ್ಡಿನಲ್ಲಿ ಎರಡು ಜಾತಿ. ಬಾಣಲೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ವ್ಯಾಪಾರದವರು ಹಳದಿ ಜಿಡ್ಡು ಎನ್ನುತ್ತಾರೆ. ಅದರಿಂದ ಜೈವಿಕ ಡೀಸೆಲ್ ಮಾಡಬಹುದು, ಆದ್ದರಿಂದ ಅದಕ್ಕೆ ಬೆಲೆಯುಂಟು. ತೊಟ್ಟಿಯಿಂದ ಎತ್ತಿದ್ದು ಕಂದು ಜಿಡ್ಡು. ಕೊಳೆತದ್ದು, ನೀರು ಕೂಡಿದ್ದು, ಒಯ್ಯುವವನಿಗೆ ನಾವೇ ಹಣ ತೆರಬೇಕು. ಬೆಲೆಯಿರುವ ವಸ್ತುವಿಗೆ ಕಾವಲು ತಾನಾಗಿ ಹುಟ್ಟುತ್ತದೆ. ಹೊರೆಯಾದ ವಸ್ತು ಕತ್ತಲನ್ನು ಹುಡುಕುತ್ತದೆ. ಎರಡರ ನಡುವಣ ಗಡಿ ಅಳಿಸಿದರೆ ಏನಾದೀತೆಂಬುದಕ್ಕೆ 2014ರಲ್ಲಿ ತೈವಾನಿನಲ್ಲಿ ನಡೆದದ್ದೇ ನಿದರ್ಶನ. ಉಪಾಹಾರಗೃಹಗಳ ತ್ಯಾಜ್ಯದಿಂದ ಸೋಸಿದ ಎಣ್ಣೆಯನ್ನು ಅಡಿಗೆಯ ಕೊಬ್ಬಿನಲ್ಲಿ ಬೆರೆಸಿ ನೂರಾರು ಟನ್ ಮಾರಲಾಗಿತ್ತು. ಪ್ರಸಿದ್ಧ ಅಂಗಡಿಗಳ ತಿಂಡಿಯಲ್ಲಿಯೂ ಅದು ಸೇರಿತ್ತು. ಪತ್ತೆಗೆ ಕಾರಣನಾದವನು ಅಧಿಕಾರಿಯಲ್ಲ, ಪಿಂಗ್‌ಟಂಗ್ ಸೀಮೆಯ ಒಬ್ಬ ರೈತ. ತನ್ನ ಹೊಲದ ಬಳಿಯ ಕಾರ್ಖಾನೆಯ ದುರ್ವಾಸನೆಯನ್ನು ಸಹಿಸಲಾರದೆ ದೂರು ಕೊಟ್ಟು, ಸ್ಥಳೀಯರಿಂದ ಫಲ ಕಾಣದೆ, ತಾನೇ ಸಾಕ್ಷ್ಯ ಕೂಡಿಸಿ ಬೇರೆ ಊರಿನ ಪೋಲೀಸರ ಮುಂದಿಟ್ಟನು. ಚರಂಡಿಗೆ ಹೋಗಬೇಕಾಗಿದ್ದದ್ದು ಮರಳಿ ತಟ್ಟೆಗೆ ಬಂದದ್ದನ್ನು ಕಂಡ ಮೇಲೆ, ರವಾನೆಯ ಚೀಟಿಯನ್ನು ಕೇವಲ ಗುಮಾಸ್ತಗಿರಿ ಎಂದು ಹಳಿಯುವುದು ಕಷ್ಟ.

ನಮ್ಮ ದೇಶದ ಸ್ಥಿತಿಯನ್ನು ಈಗ ನೋಡೋಣ. 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೆಯ ಅನುಸೂಚಿಯಂತೆ ಸಾರ್ವಜನಿಕ ಚರಂಡಿಗೆ ಬಿಡುವ ನೀರಿನಲ್ಲಿ ಎಣ್ಣೆ ಮತ್ತು ಜಿಡ್ಡು ಲೀಟರಿಗೆ 20 ಮಿಲಿಗ್ರಾಮಿಗೆ ಮೀರಕೂಡದು. ಹೊಳೆ ಕೆರೆಗಳಿಗಾದರೆ 10. ಇಪ್ಪತ್ತು ಮಿಲಿಗ್ರಾಂ ಎಂದರೆಷ್ಟು? ಎರಡು ಲೀಟರ್ ನೀರಿಗೆ ಸುಮಾರಾಗಿ ಒಂದು ಹನಿ ಎಣ್ಣೆ. ಒಗ್ಗರಣೆಯ ಸೌಟೊಂದನ್ನು ಹಾಗೆಯೇ ತೊಳೆದರೆ ಈ ಮಿತಿ ಮುರಿದೀತು. ಕಟ್ಟಳೆ ಕಠಿಣವೇ ಹೌದು. ಪಾಲಿಸಲು ಸಾಧ್ಯವಿಲ್ಲವೆಂದಲ್ಲ, ತೊಳೆಯುವ ಮೊದಲು ಪಾತ್ರೆಯನ್ನು ಕಾಗದದಿಂದ ಒರೆಸಿ, ತೊಟ್ಟಿಯನ್ನು ಸರಿಯಾಗಿಟ್ಟರೆ ಸಾಧ್ಯ.

ಬಾಣಲೆಯ ಎಣ್ಣೆಯ ವಿಷಯದಲ್ಲಿ ನಮ್ಮವರು ಇತ್ತೀಚೆಗೆ ಶ್ರದ್ಧೆ ತೋರಿದ್ದಾರೆ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ, ಕರಿದ ಎಣ್ಣೆಯಲ್ಲಿ ಕಾಯಿಸಿ ಕಾಯಿಸಿ ಹುಟ್ಟುವ ಧ್ರುವೀಯ ಸಂಯುಕ್ತಗಳು ನೂರಕ್ಕೆ 25ಕ್ಕೆ ಮೀರಿದರೆ ಅದನ್ನು ಬಳಸಕೂಡದೆಂದು ವಿಧಿಸಿತು. (ಇಲ್ಲಿಯೂ ಕಾಲುಭಾಗವೇ ಬಂದದ್ದು ಕಾಕತಾಳೀಯ.) ಅದೇ ವರ್ಷದ ಆಗಸ್ಟಿನಲ್ಲಿ, ಬಳಸಿದ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ತಯಾರಕರಿಗೆ ಒಪ್ಪಿಸುವ ‘ರೂಕೋ’ ಎಂಬ ಯೋಜನೆ ಆರಂಭವಾಯಿತು. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಕೊಂಡದ್ದೆಷ್ಟು, ಬಳಸಿದ್ದೆಷ್ಟು, ಹೊರಹಾಕಿದ್ದೆಷ್ಟು, ಯಾರಿಗೆ ಕೊಟ್ಟದ್ದು ಎಂದು ಪುಸ್ತಕವಿಡಬೇಕೆಂಬ ನಿಯಮ 2019ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಒಳ್ಳೆಯ ನಿಯಮ. ಆದರೆ ಅದು ಹಳದಿ ಜಿಡ್ಡಿನ ಪುಸ್ತಕ. ಬೆಲೆಯಿರುವ ವಸ್ತುವಿನ ಪುಸ್ತಕ. ಕಂದು ಜಿಡ್ಡಿಗೂ ಅಷ್ಟೇ ಕಟ್ಟುನಿಟ್ಟಿನ ಪುಸ್ತಕವೊಂದು ಬೇಕು. ಗಲ್ಲಿಗೆ ನಾಲ್ಕರಂತೆ ದರ್ಶಿನಿಗಳಿರುವ ಬೆಂಗಳೂರಿನಂಥ ಊರಿನಲ್ಲಿ, ಯಾವ ತೊಟ್ಟಿ ಎಂದು ಖಾಲಿಯಾಯಿತೆಂಬುದು ಟ್ಯಾಂಕರಿನವನ ನೆನಪಿನಲ್ಲಿಯೂ ಮಾಲಿಕನ ಬಾಯಿಮಾತಿನಲ್ಲಿಯೂ ಉಳಿದರೆ ಸಾಲದು.

ಇಷ್ಟು ಗದ್ದಲವೇಕೆ, ಚರಂಡಿ ಕಟ್ಟಿಕೊಂಡರೆ ಬಿಡಿಸಿದರಾಯಿತು ಎನ್ನುವವರುಂಟು. ಬಿಡಿಸುವವರು ಯಾರು? ಜಿಡ್ಡಿನ ಹಿಂದೆ ಮಡುಗಟ್ಟಿದ ಕೊಳಚೆಯಲ್ಲಿ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಗಂಧಕಜಲಜನಕವೆಂಬ ಅನಿಲವನ್ನು ಹುಟ್ಟಿಸುತ್ತವೆ. ಮೊದಲು ಅದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಿದಂತೆ ಮೂಗು ಮಂಕಾಗಿ ವಾಸನೆಯೇ ತಿಳಿಯದಂತಾಗುತ್ತದೆ. ‘ಈಗ ಗಾಳಿ ಸರಿಯಾಗಿದೆ’ ಎಂದು ಮನುಷ್ಯ ಭ್ರಮಿಸುವ ಆ ಕ್ಷಣವೇ ಅಪಾಯದ ಕ್ಷಣ. ಅದೇ ಅನಿಲ ಕೊಳವೆಯ ಗೋಡೆಯ ಮೇಲೆ ಆಮ್ಲವಾಗಿ ಮಾರ್ಪಟ್ಟು ಕಾಂಕ್ರೀಟನ್ನು ತಿನ್ನುತ್ತದೆ, ಸುಣ್ಣವನ್ನು ಬಿಡಿಸುತ್ತದೆ, ಆ ಸುಣ್ಣ ಮತ್ತಷ್ಟು ಜಿಡ್ಡನ್ನು ಕಲ್ಲಾಗಿಸುತ್ತದೆ. ಕೊಳವೆ ಹೋದರೆ ಕೊಳವೆ ತರಬಹುದು.

ರಕ್ಷಣೆಯ ಉಪಕರಣಗಳಿಲ್ಲದೆ ಮನುಷ್ಯನನ್ನು ಚರಂಡಿಗೂ ಮಲದ ಗುಂಡಿಗೂ ಇಳಿಸುವುದನ್ನು 2013ರ ಶಾಸನ ನಿಷೇಧಿಸಿದೆ. 1993ರಿಂದೀಚೆಗೆ ಹಾಗೆ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2014ರ ಮಾರ್ಚಿನಲ್ಲಿ ವಿಧಿಸಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಯಿತೆಂದರೆ ಸಾವು ನಿಂತಿರಲಿಲ್ಲವೆಂದೇ ಅರ್ಥ. ಸತ್ತವನು ಇಳಿದ ಮ್ಯಾನ್‌ಹೋಲಿನ ಮೇಲ್ಭಾಗದ ಬೀದಿಯಲ್ಲಿ ಯಾವ ಯಾವ ಅಡಿಗೆಮನೆಗಳಿದ್ದವು, ಅವುಗಳ ತೊಟ್ಟಿ ಎಂದು ಶುಚಿಯಾಗಿತ್ತು ಎಂದು ವಿಚಾರಣೆಯಲ್ಲಿ ಯಾರೂ ಕೇಳಿದ್ದನ್ನು ನಾನು ಓದಿಲ್ಲ. ಪುಸ್ತಕವಿದ್ದರೆ ಕೇಳಬಹುದಾಗಿತ್ತು.

ಅಪಾಯ ಚರಂಡಿಗೇ ಮೀಸಲಲ್ಲ. ಅಮೆರಿಕದ ಅಲಬಾಮ ಸಂಸ್ಥಾನದ ಆಬರ್ನ್ ಊರಿನಲ್ಲಿ 2017ರಲ್ಲಿಯೂ, ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರಿನಲ್ಲಿ 2019ರಲ್ಲಿಯೂ ಮೂರು ವರ್ಷದ ಒಂದೊಂದು ಮಗು ಅಂಗಡಿಯ ಬಳಿ ಆಡುತ್ತ, ಭದ್ರವಿಲ್ಲದ ಮುಚ್ಚಳದಿಂದ ಜಿಡ್ಡುತೊಟ್ಟಿಗೆ ಬಿದ್ದು ತೀರಿಕೊಂಡಿತು. ತಪಾಸಣೆಯ ಪಟ್ಟಿಯಲ್ಲಿ ಕೆನೆಯ ದಪ್ಪಕ್ಕಿಂತ ಮೊದಲು ಮುಚ್ಚಳದ ತಿರುಪು ಬರಬೇಕು.

ಸಣ್ಣ ಹೋಟೆಲಿನವರ ಪಕ್ಷದ ಮಾತೂ ಒಂದಿದೆ, ಅದು ನ್ಯಾಯವಾದದ್ದು. ಹತ್ತಡಿ ಅಗಲದ ಮಳಿಗೆಯಲ್ಲಿ ಒಲೆಗೇ ಸ್ಥಳವಿಲ್ಲ. ಸಾವಿರ ಲೀಟರಿನ ತೊಟ್ಟಿಯನ್ನು ಎಲ್ಲಿ ಹೂಳಬೇಕು? ಬಾಡಿಗೆಯ ಕಟ್ಟಡದ ನೆಲ ಅಗೆಯಲು ಮಾಲಿಕ ಒಪ್ಪುವನೆ? ದಂಡದ ಚೀಟಿ ಹಿಡಿದು ಬಂದ ಅಧಿಕಾರಿಗೆ ಇದರ ಉತ್ತರ ಗೊತ್ತಿರಬೇಕು. ಸಾಲಾಗಿ ಹತ್ತು ತಿಂಡಿಯಂಗಡಿಗಳಿರುವ ಬೀದಿಗೆ ನಗರಸಭೆಯೇ ಒಂದು ಸಾಮುದಾಯಿಕ ತೊಟ್ಟಿ ಕಟ್ಟಿ, ಅಂಗಡಿಗಳಿಂದ ತಿಂಗಳ ಶುಲ್ಕ ಪಡೆದು, ಒಂದೇ ಟ್ಯಾಂಕರನ್ನು ಗೊತ್ತುಮಾಡಿದರೆ ಹತ್ತು ಪುಸ್ತಕಗಳ ಬದಲು ಒಂದು ಪುಸ್ತಕ ಸಾಕಾದೀತು. ಅಲ್ಲಿಯವರೆಗೆ ತೊಟ್ಟಿಯ ಕೆಳಗಿನ ಉಕ್ಕಿನ ಡಬ್ಬಿಯೇ ಗತಿ.

ಆ ಡಬ್ಬಿಗೆ ಟ್ಯಾಂಕರೂ ಬೇಡ, ಚೀಟಿಯೂ ಬೇಡ. ಗೋಡೆಗೆ ನೇತುಹಾಕಿದ ಒಂದು ಹಾಳೆ ಸಾಕು. ತಾರೀಖು, ಎತ್ತಿದ ಜಿಡ್ಡಿನ ಅಂದಾಜು, ಎತ್ತಿದವನ ಹೆಸರು. ಹೆಸರಿನ ಕಂಬಸಾಲಿನಲ್ಲಿ ಮಾಲಿಕನ ರುಜುವಲ್ಲ, ಮುಸುರೆ ತಿಕ್ಕುವವನ ಹೆಸರೇ ಇರಬೇಕು. ಕೈಗವಸು ಕೊಡಿಸಿದ್ದಾರೆಯೇ ಎಂದು ತಪಾಸಕ ಅವನನ್ನೇ ಕೇಳಲಿ. ಆ ಕೆಲಸಕ್ಕೆ ಪ್ರಶಸ್ತವಾದ ಹೊತ್ತು ಬೆಳಗಿನ ಜಾವ. ರಾತ್ರಿಯೆಲ್ಲ ನೀರು ಅಲುಗದೆ ನಿಂತು ಜಿಡ್ಡು ಮೇಲೆ ಒಂದೇ ಹಾಳೆಯಾಗಿ ಕೂಡಿರುತ್ತದೆ. ಮೊದಲನೆಯ ಕಾಫಿಯ ಲೋಟ ತೊಳೆದ ಬಿಸಿನೀರು ಬೀಳುವ ಮುಂಚೆ ಅದನ್ನು ಜಾಲರಿಸೌಟಿನಿಂದ ಎತ್ತಿ, ಮರದ ಹೊಟ್ಟಿನಲ್ಲಿ ಕಲಸಿ, ಒಣಕಸದ ಬುಟ್ಟಿಗಲ್ಲದೆ ಪ್ರತ್ಯೇಕವಾದ ಡಬ್ಬದಲ್ಲಿ ಕಟ್ಟಿಡಬೇಕು. ಹತ್ತು ನಿಮಿಷದ ಕೆಲಸ. ಅಷ್ಟರಲ್ಲಿ ಮೊದಲ ಹಬೆಯ ಇಡ್ಲಿ ಬೆಂದಿರುತ್ತದೆ.